ಅದಲುಬದಲಾದ ಗಂಟು

ಅವಳನ್ನು ಊರೆಲ್ಲ ಲಾಂಡ್ರಿಯಕ್ಕ ಎಂದೇ ಕರೆಯುತ್ತಿತ್ತು. ಅವಳಿಗಿಂತ ಹಿರಿಯರೂ ಅಕ್ಕ ಎನ್ನುತ್ತಿದ್ದರು, ಕಿರಿಯರೂ ಅಕ್ಕ ಎನ್ನುತ್ತಿದ್ದರು. ಅವಳ ಅತ್ತೆ ಮಾತ್ರ ಬರೀ 'ಇವಳೇ' ಎನ್ನುತ್ತಿದ್ದಳು.

ಓದುಬರಹ ಅವಳಿಗೆ ಹತ್ತಲಿಲ್ಲ. ಆದರೆ ನೂರ ಅರವತ್ತು ಮನೆಗಳ ಬಟ್ಟೆಯನ್ನು ಒಂದೇ ಹಂಡೆಯಲ್ಲಿ ಕುದಿಸಿ, ಒಂದೇ ಹಿತ್ತಿಲಲ್ಲಿ ಒಣಗಿಸಿ, ಒಂದು ಕರವಸ್ತ್ರವೂ ಹೆಚ್ಚುಕಡಿಮೆಯಾಗದಂತೆ ಗಂಟು ಕಟ್ಟಿ ಇಡುತ್ತಿದ್ದಳು. ಅದಕ್ಕೆ ಅವಳದೇ ಒಂದು ಬರಹವಿತ್ತು. ಕಾಲರಿನ ಒಳಮಡಿಕೆಯಲ್ಲಿ, ಪ್ಯಾಂಟಿನ ಸೊಂಟಪಟ್ಟಿಯ ಹಿಂದೆ, ಕೆಂಪು ದಾರದಲ್ಲಿ ಪುಟ್ಟ ಹೊಲಿಗೆ. ಎರಡು ಅಡ್ಡಗೆರೆ, ಒಂದು ಚುಕ್ಕೆ ಇದ್ದರೆ ಬ್ಯಾಂಕಿನವರ ಮನೆ. ಬೇಲಿಯ ಹಾಗೆ ಮೂರು ಗೂಟವಿದ್ದರೆ ಬೇಕರಿಯವನದು. ಒಂದು ಗುಣಾಕಾರ ಚಿಹ್ನೆ, ಅದರ ಕೆಳಗೊಂದು ಗೆರೆ ಇದ್ದರೆ ಮೇಷ್ಟ್ರ ಮನೆಯದು. ಹತ್ತಿಯ ದಾರ ಸೋಡಾ ನೀರಿನ ಕುದಿಗೆ ಬಣ್ಣ ಬಿಡುತ್ತದೆಂದು ಅವಳು ನೈಲಾನ್ ದಾರವನ್ನೇ ತರಿಸುತ್ತಿದ್ದಳು. ಬಟ್ಟೆ ಹರಿದು ಒರಸುಬಟ್ಟೆಯಾದರೂ ದಾರ ಹಾಗೇ ಇರುತ್ತಿತ್ತು.

ಅವಳ ಗಂಡನದು ಇಸ್ತ್ರಿ. ಇದ್ದಲಿನ ಭಾರದ ಪೆಟ್ಟಿಗೆಯನ್ನು ಬೆಣ್ಣೆಯ ಮೇಲೆ ಓಡಿಸಿದಂತೆ ಓಡಿಸುತ್ತಿದ್ದ. ಅವನಿಗೆ ಇದ್ದದ್ದು ಒಂದೇ ಚಟ, ಶೋಕಿ. ಇಸ್ತ್ರಿ ಮಾಡಿದ ಅಂಗಿಗಳಲ್ಲಿ ಚೆಂದದ್ದನ್ನು ತೆಗೆದು ಒಂದು ಸಂಜೆಯ ಮಟ್ಟಿಗೆ ತಾನೇ ಹಾಕಿಕೊಂಡು, ಸಿನಿಮಾಕ್ಕೋ ಪೇಟೆಯ ತಿರುಗಾಟಕ್ಕೋ ಹೊರಟುಬಿಡುತ್ತಿದ್ದ. ಊರಿನ ಅರ್ಧ ಅಂಗಿಗಳು ಹೀಗೆ ಅವನ ಮೈಮೇಲೆ ಒಂದೊಂದು ಸಂಜೆ ಕಳೆದಿದ್ದವು. ಮರುದಿನ ಅವಳು ಬೈಯುತ್ತ ಮತ್ತೆ ಒಗೆಯುವಳು. ಬೇಕರಿಯವನು ಒಮ್ಮೆ ತನ್ನ ಅಂಗಿಯನ್ನು ಇವನ ಮೈಮೇಲೆ ಗುರುತು ಹಿಡಿದು, "ಅಗಸನ ಬಡಿವಾರವೆಲ್ಲ ಹೆರರ ಬಟ್ಟೆ ಅಂತಾರಲ್ಲ, ಸುಳ್ಳಲ್ಲ ಬಿಡು," ಎಂದಿದ್ದ. ಇವನು, "ನಿಮ್ಮ ಮೈಮೇಲೆ ಅಂಗಿ ಹೀಗೆ ಕೂರಲ್ಲ ಅಂತ ಹೊಟ್ಟೆ ಉರಿ ನಿಮಗೆ," ಎಂದು ನಕ್ಕಿದ್ದ. ಬೇಕರಿಯವನೂ ನಕ್ಕು ಸುಮ್ಮನಾಗಿದ್ದ.

ಬೇರೆಯವರಿಗೂ ಕೊಡುತ್ತಿದ್ದದ್ದುಂಟು. ಕೆಲಸದ ಸಂದರ್ಶನವೆಂದು, ಮದುವೆಯೆಂದು ಯಾರಾದರೂ ಬಡವರು ಹಿತ್ತಿಲ ಬಾಗಿಲಿಗೆ ಬಂದು ನಿಂತರೆ ಅವಳಿಗೆ ಇಲ್ಲವೆನ್ನಲು ಬಾಯಿ ಬರುತ್ತಿರಲಿಲ್ಲ. ಆದರೆ ಗಿರಾಕಿಗಳ ಮುಂದೆ ಅದನ್ನು ಎಂದೂ ಒಪ್ಪಿಕೊಳ್ಳುತ್ತಿರಲಿಲ್ಲ. ನಿಮ್ಮ ಅಂಗಿಯನ್ನು ಇನ್ನೊಬ್ಬರು ಹಾಕಿಕೊಂಡಿದ್ದರು ಎಂದು ಬಾಯಿಬಿಟ್ಟ ಲಾಂಡ್ರಿ ಮೂರು ದಿನ ಬಾಳುವುದಿಲ್ಲ. ಗಂಟು ಅದಲುಬದಲಾದರೂ ಅಷ್ಟೆ. ಸದ್ದಿಲ್ಲದೆ ಹಿತ್ತಿಲ ಬಾಗಿಲಿಗೆ ಹೋಗಿ, ತಪ್ಪಾಯಿತು ಎಂದು ಕೈಮುಗಿದು, ಇದನ್ನು ಕೊಟ್ಟು ಅದನ್ನು ತರಬೇಕು. ಇಪ್ಪತ್ತು ವರ್ಷದಲ್ಲಿ ಅವಳು ಕಲಿತ ಲೋಕನೀತಿಯೆಲ್ಲ ಇಷ್ಟೇ.

ಯುದ್ಧ ಅವರ ಊರಿಗೆ ಬಂದಾಗ ಸೈನ್ಯ ಬಂದು ಸುಣ್ಣದ ಗಣಿಯ ಪಕ್ಕ ಡೇರೆ ಹಾಕಿತು. ನಾಲ್ಕು ತಿಂಗಳು ಇತ್ತು. ಅವರ ಬಟ್ಟೆಯನ್ನೂ ಇವಳೇ ಒಗೆದಳು, ಬೇಡವೆನ್ನುವ ಧೈರ್ಯ ಯಾರಿಗಿತ್ತು? ಅವರ ಮೇಜರ್ ಸಾಹೇಬ ಮಾತು ಕಡಿಮೆಯ ಮನುಷ್ಯ. ಅಂಗಿಯ ತೋಳಿನ ಗೀಟು ಸ್ವಲ್ಪ ಸೊಟ್ಟಗಾದರೂ ವಾಪಸ್ಸು ಕಳಿಸುತ್ತಿದ್ದ.

ಒಂದು ಸಂಜೆ ಜೀಪಿನ ಮೈಕು ಅವಳ ಬೀದಿಯಲ್ಲಿ ಕೂಗಿಕೊಂಡು ಹೋಯಿತು. ಬೀದಿಯ ಗಂಡಸರೆಲ್ಲ ಬೆಳಿಗ್ಗೆ ಎಂಟಕ್ಕೆ ಆಟದ ಮೈದಾನಕ್ಕೆ ಬರಬೇಕು, ಗುರುತಿನ ಚೀಟಿಗೆ ಫೋಟೊ ತೆಗೆಯುತ್ತಾರೆ, ಶುಭ್ರವಾದ ಬಟ್ಟೆ ಹಾಕಿಕೊಂಡು ಬನ್ನಿ. ಬಟ್ಟೆಯ ಮಾತು ಕೇಳಿ ಜನರಿಗೆ ಧೈರ್ಯ ಬಂತು. ಕೊಲ್ಲುವವರು ಶುಭ್ರವಾಗಿ ಬನ್ನಿ ಎನ್ನುತ್ತಾರೆಯೇ? ಆ ರಾತ್ರಿ ಅವಳ ಬಾಗಿಲಲ್ಲಿ ಜನವೋ ಜನ. ಎಲ್ಲರೂ ತಂತಮ್ಮ ಗಂಟು ಬಿಡಿಸಿಕೊಂಡು ಹೋದರು.

ಬೆಳಿಗ್ಗೆ ಗಂಡ ತನ್ನದೇ ಮಾಸಿದ ಅಂಗಿ ಹಾಕಿಕೊಂಡು ನಿಂತಿದ್ದ. ಆವತ್ತೊಂದು ದಿನ ಅವನು ಯಾರದನ್ನೂ ಕೇಳಲಿಲ್ಲ. ಅವಳೇ ಕಪಾಟಿನಿಂದ ಮೇಷ್ಟ್ರ ನೀಲಿ ಗೀರಿನ ಅಂಗಿಯನ್ನು ತೆಗೆದಳು. ಮೇಷ್ಟ್ರು ಪರವೂರಿಗೆ ಹೋಗಿ ವಾರವಾಗಿತ್ತು, ಗಂಟು ಬಿಡಿಸಿಕೊಳ್ಳಲು ಯಾರೂ ಬಂದಿರಲಿಲ್ಲ. "ಇದು ಹಾಕ್ಕೊ. ಚೀಟಿ ಜೀವಮಾನ ಪೂರ್ತಿ ಇರುತ್ತೆ, ಫೋಟೊ ಚೆನ್ನಾಗಿ ಬರಲಿ," ಎಂದಳು. ಹಾಸಿಗೆಯಲ್ಲಿದ್ದ ಅತ್ತೆ ಮಗನನ್ನು ಹತ್ತಿರ ಕರೆದು, ಕಾಲರು ಸರಿಮಾಡಿ ಕಳಿಸಿದಳು.

ಆ ಬೀದಿಯಿಂದ ಹತ್ತೊಂಬತ್ತು ಜನ ಹೋದರು. ಒಬ್ಬರೂ ಬರಲಿಲ್ಲ. ಮಧ್ಯಾಹ್ನವೇ ಬಿಟ್ಟುಬಿಟ್ಟೆವು, ನಿಮ್ಮವರು ಕಾಡು ಸೇರಿ ದಂಗೆಕೋರರಾಗಿರಬೇಕು ಎಂದು ಡೇರೆಯಿಂದ ಉತ್ತರ ಬಂತು. ಅದೇ ವಾರ ಯಾರೋ ಲಾಂಡ್ರಿಯ ಬೀಗ ಒಡೆದು ಉಳಿದ ಗಂಟುಗಳನ್ನೂ ಹೊತ್ತುಕೊಂಡು ಹೋದರು.

ಹನ್ನೊಂದು ವರ್ಷ ಕಳೆದ ಮೇಲೆ ಗಣಿಯ ನೀರು ಬತ್ತಿಸಿ ಅಗೆದರು. ಅಗೆಸಿದ್ದು ಹೊರದೇಶದ ದೊಡ್ಡ ನ್ಯಾಯಾಲಯ, ಯುದ್ಧದಲ್ಲಿ ನಡೆದ ಕೊಲೆಗಳನ್ನು ವಿಚಾರಿಸುವಂಥದು. ಮೇಜರ್ ಆಗಲೇ ಅವರ ಸೆರೆಯಲ್ಲಿದ್ದ. ಗುಂಡಿಯಲ್ಲಿ ಹತ್ತೊಂಬತ್ತು ದೇಹಗಳು ಸಿಕ್ಕವು. ಊರು ಕೊಟ್ಟ ಪಟ್ಟಿಯಲ್ಲಿ ಹೆಸರು ಇಪ್ಪತ್ತಿದ್ದವು, ಮೇಷ್ಟ್ರ ಹೆಂಡತಿ ತನ್ನ ಗಂಡನ ಹೆಸರನ್ನೂ ಬರೆಸಿದ್ದಳು. ಪರವೂರಿನಿಂದ ಆ ಬೆಳಿಗ್ಗೆಯೇ ಬಂದಿಳಿದು ನೇರ ಮೈದಾನಕ್ಕೆ ಹೋದರಂತೆ, ಯಾರೋ ನೋಡಿದರಂತೆ. ಮೂಳೆಗಳನ್ನು ಎರಡು ಪ್ರಯೋಗಾಲಯಕ್ಕೆ ಕಳಿಸಿದರು. ಸುಣ್ಣವೂ ನೀರೂ ಸೇರಿ ಅವುಗಳಲ್ಲಿ ಹೇಳಿಕೊಳ್ಳುವಂಥದ್ದು ಏನನ್ನೂ ಉಳಿಸಿರಲಿಲ್ಲ. ಎರಡು ಕಡೆಯವರೂ ಕೈಚೆಲ್ಲಿದರು.

ಉಳಿದದ್ದು ಕೆಂಪು ದಾರ.

ತನಿಖೆಯ ಮೇಡಂ ಲಾಂಡ್ರಿಗೆ ಬಂದದ್ದು ಹಾಗೆ. ಬೂದುಗೂದಲಿನ ಎತ್ತರದ ಹೆಂಗಸು. ಜೊತೆಗೊಬ್ಬಳು ದುಭಾಷಿ, ಒಬ್ಬರು ಆಡಿದ್ದನ್ನು ಇನ್ನೊಬ್ಬರ ಭಾಷೆಗೆ ತಿರುಗಿಸುವವಳು. ಮೇಡಂ ಒಂದು ಪ್ಲಾಸ್ಟಿಕ್ ಚೀಲದಲ್ಲಿದ್ದ ಚಿಂದಿಯನ್ನು ಕೌಂಟರಿನ ಮೇಲಿಟ್ಟಳು. ಅದರಲ್ಲಿ ಮೂರು ಗೂಟದ ಬೇಲಿ. "ಬೇಕರಿಯವನು," ಎಂದ ಲಾಂಡ್ರಿಯಕ್ಕ ಕೌಂಟರನ್ನು ಹಿಡಿದುಕೊಂಡು ಕೂತಳು.

ಮರುದಿನ ಅವಳನ್ನು ಊರಾಚೆಯ ಗೋದಾಮಿಗೆ ಕರೆದುಕೊಂಡು ಹೋದರು. ಉದ್ದನೆಯ ಮೇಜುಗಳು, ಬಿಳಿ ಕಾಗದ, ಪ್ರತಿ ಕಾಗದದ ಮೇಲೆ ಬಟ್ಟೆ, ಪಕ್ಕದಲ್ಲಿ ಅಂಕಿ. ಬೀದಿಯ ಹೆಂಗಸರೆಲ್ಲ ಬಾಗಿಲಾಚೆ ಬೆಂಚಿನ ಮೇಲೆ ಕೂತು ಅವಳ ಬೆನ್ನನ್ನೇ ನೋಡುತ್ತಿದ್ದರು. ಮೇಡಂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಇದು ಯಾವ ಮನೆಯ ಗುರುತು. ಅವಳು ಬೆರಳಿಂದ ಸವರಿ ಹೇಳುತ್ತ ಹೋದಳು. ಬೇಕರಿ. ಗಡಿಯಾರ ರಿಪೇರಿ. ಬ್ಯಾಂಕು. ಕಂಪೌಂಡರು. ಹೇಳಿದ ಹಾಗೆಲ್ಲ ಬೆಂಚಿನಲ್ಲಿ ಒಬ್ಬೊಬ್ಬರು ಕುಸಿಯುತ್ತಿದ್ದರು.

ಏಳನೆಯ ಕಾಗದದ ಮೇಲೆ ನೀಲಿ ಗೀರು ಮಾಸದೆ ಇತ್ತು. ಕಾಲರು ತಿರುವಿ ನೋಡುವ ಅಗತ್ಯವೇ ಇರಲಿಲ್ಲ. ಎದೆಯ ಹತ್ತಿರ ಎರಡು ತೂತು, ಬೆನ್ನಿನಲ್ಲಿ ಒಂದು. ಅವಳಿಗೆ ಅಳು ಬರಲಿಲ್ಲ. ಬಂದದ್ದು ಇಪ್ಪತ್ತು ವರ್ಷದ ಅಭ್ಯಾಸ. ಆ ಅಂಗಿಯ ಒಡತಿ ಬಾಗಿಲಲ್ಲಿ ಕೂತಿದ್ದಾಳೆ. ನಾಲಿಗೆ ತಾನಾಗಿ ಗುಟ್ಟನ್ನು ಮುಚ್ಚಿಕೊಂಡಿತು.

"ಮೇಷ್ಟ್ರ ಮನೆಯದು," ಎಂದಳು.

ಸುಳ್ಳೇನೂ ಅಲ್ಲ, ಗುರುತು ಮೇಷ್ಟ್ರ ಮನೆಯದೇ. ಮೇಡಂ ಬರೆದುಕೊಂಡು ಎಂಟನೆಯದಕ್ಕೆ ಹೋದಳು.

ಹದಿನಾಲ್ಕು ಬಟ್ಟೆಗಳಲ್ಲಿ ಗುರುತಿತ್ತು. ಐದರಲ್ಲಿ ಇರಲಿಲ್ಲ, ಅವು ಮನೆಯಲ್ಲೇ ಒಗೆದುಕೊಳ್ಳುತ್ತಿದ್ದವರದು. ಎರಡು ತಿಂಗಳಾದ ಮೇಲೆ ಹದಿನಾಲ್ಕು ಮನೆಗಳಿಗೆ ಮೂಳೆಯ ಪೆಟ್ಟಿಗೆ ಕೊಟ್ಟರು. ಉಳಿದ ಐದು ಪೆಟ್ಟಿಗೆಗೆ ಆರು ಹೆಸರು, ಅದರಲ್ಲಿ ಅವಳ ಗಂಡನದೂ ಒಂದು. ಆರರಲ್ಲಿ ಒಬ್ಬರು ಈ ಗುಂಡಿಯಲ್ಲಿ ಇಲ್ಲ, ಯಾರೆಂದು ಹೇಳಲಾಗುವುದಿಲ್ಲ ಎಂದು ದುಭಾಷಿ ವಿವರಿಸಿದಳು. ಮೇಷ್ಟ್ರ ಹೆಂಡತಿ ಏಳನೆಯ ಪೆಟ್ಟಿಗೆಯನ್ನು ಮಣ್ಣು ಮಾಡಿ, ಮೇಲೆ ಗಂಡನ ಹೆಸರು, ಪದವಿ, ಹುಟ್ಟಿದ ದಿನ ಕೆತ್ತಿಸಿ ಕಲ್ಲು ನಿಲ್ಲಿಸಿದಳು.

ಅತ್ತೆಗೆ ಸುದ್ದಿ ತಿಳಿಯದೆ ಇರಲಿಲ್ಲ. ಎದ್ದು ಓಡಾಡದಿದ್ದರೂ ಅವಳ ಕಿವಿ ಬೀದಿಯ ಕೊನೆಯವರೆಗೂ ಹೋಗಿಬರುತ್ತಿತ್ತು.

"ಇವಳೇ, ನೀಲಿ ಗೀರಿನ ಅಂಗಿಯಂತೆ."

ಅವಳು ಅತ್ತೆಯ ಹೊದಿಕೆ ಮಡಿಸತೊಡಗಿದಳು.

"ಅದರ ಕಾಲರು ಸರಿ ಮಾಡಿದ್ದು ಈ ಕೈ. ಕಾಲು ಹೋಗಿರೋದು ನನಗೆ, ಕಣ್ಣಲ್ಲ. ನನ್ನ ಮಗನ್ನ ಎತ್ತಿ ಇನ್ಯಾವಳಿಗೋ ಕೊಟ್ಟು ಬಂದ್ಯಲ್ಲ, ನಿನ್ನ ಬಾಯಿಗೇನು ಗಂಜಿ ಹಾಕಿದ್ರಾ?"

ಅಂದಿನಿಂದ ಅತ್ತೆ ಊಟ ಬಿಟ್ಟಳು. ಪೂರ್ತಿ ಬಿಡಲಿಲ್ಲ, ಸೊಸೆ ನೋಡುವಾಗ ಬಿಟ್ಟಳು. ಮೂಳೆ ಆದರೂ ಸರಿ ತಂದು ನನ್ನ ಪಕ್ಕದಲ್ಲಿಡು, ಆಮೇಲೆ ನನ್ನನ್ನೂ ಅದರ ಜೊತೆಗೇ ಮಣ್ಣು ಮಾಡು ಎಂಬುದು ಅವಳ ಬೇಡಿಕೆ. ತಾಯಿಯ ಬಾಯಿಂದ ಬರುವ ಮಾತನ್ನು ತಳ್ಳಿಹಾಕುವುದು ಹೇಗೆ? ಅದೂ ಅಲ್ಲದೆ ಲಾಂಡ್ರಿಯಕ್ಕನಿಗೇ ನಿದ್ದೆ ಹತ್ತುತ್ತಿರಲಿಲ್ಲ. ಊರಾಚೆ ಯಾರದೋ ಹೆಸರು ಹೊದ್ದುಕೊಂಡು ಅವನು ಮಲಗಿದ್ದಾನೆ. ಬದುಕಿದ್ದಾಗ ಒಂದು ಸಂಜೆಯ ಮಟ್ಟಿಗೆ ಮಾಡುತ್ತಿದ್ದ ಕೆಲಸ ಈಗ ಶಾಶ್ವತವಾಗಿಹೋಯಿತು.

ಗಂಟು ಬದಲಾದಾಗ ಏನು ಮಾಡಬೇಕೋ ಅದನ್ನೇ ಮಾಡಿದಳು. ಒಂದು ಮಧ್ಯಾಹ್ನ ಮೇಷ್ಟ್ರ ಮನೆಯ ಹಿತ್ತಿಲಿಗೆ ಹೋಗಿ ಕೈಮುಗಿದು, ಅಂಗಿಯ ವಿಷಯವೆಲ್ಲ ಹೇಳಿಕೊಂಡಳು. ಮೇಷ್ಟ್ರ ಹೆಂಡತಿ ಪಾತ್ರೆ ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು, ಸುತ್ತ ಒಮ್ಮೆ ನೋಡಿ, ಬಾಗಿಲು ಮುಂದೆ ಮಾಡಿದಳು.

"ನನಗೆ ಗೊತ್ತಿಲ್ಲ ಅಂದುಕೊಂಡ್ಯಾ ಅಕ್ಕ?" ಎಂದಳು. "ಅವರು ಹೋಗುವಾಗ ಸೂಟ್‌ಕೇಸು ತಗೊಂಡು ಹೋದರು. ಪರವೂರಲ್ಲಿ ಇನ್ನೊಂದು ಮನೆ ಇತ್ತು ಅವರಿಗೆ. ಹನ್ನೊಂದು ವರ್ಷ ಊರವರ ಕಣ್ಣು ತಪ್ಪಿಸಿ ಬದುಕಿದೀನಿ. ಈಗ ಎಲ್ಲರೂ ನನ್ನ ಎದುರು ನಿಂತು ತಲೆ ತಗ್ಗಿಸ್ತಾರೆ. ಬಿಟ್ಟುಹೋದ ಗಂಡನಿಗಿಂತ ಸತ್ತ ಗಂಡ ವಾಸಿ."

"ಅಮ್ಮಾವ್ರೇ, ಅದು ನನ್ನ ಗಂಡ."

"ನಿನಗೊಬ್ಬ ಗಂಡ ಇದ್ದ, ಕೊನೆ ತನಕ ನಿನ್ನ ಜೊತೆಗೇ ಇದ್ದ ಅಂತ ಊರಿಗೆಲ್ಲ ಗೊತ್ತು. ನನಗೆ ಆ ಕಲ್ಲೊಂದೇ. ಕೊಡಲ್ಲ."

ಹಿತ್ತಿಲ ಬಾಗಿಲು ಮುಚ್ಚಿದ ಮೇಲೆ ಉಳಿದದ್ದು ಮೇಡಂ ಇದ್ದ ಬಾಡಿಗೆಯ ಕಚೇರಿ. ನ್ಯಾಯಾಲಯದಲ್ಲಿ ಅವಳು ಸಾಕ್ಷಿ ಹೇಳಲು ಇನ್ನು ಒಂದು ತಿಂಗಳಿತ್ತು. ಗೋಡೆಗೆ ನಕ್ಷೆ ಅಂಟಿಸಿದ, ಫ್ಯಾನು ಕಿರುಗುಡುವ ಆ ಕೋಣೆಯಲ್ಲಿ ಲಾಂಡ್ರಿಯಕ್ಕ ಕುರ್ಚಿಯ ತುದಿಯಲ್ಲಿ ಕೂತು, ಸಣ್ಣ ತಪ್ಪೊಂದಾಗಿದೆ, ಏಳನೆಯದನ್ನು ಈ ಕಡೆ ಕೊಡಿಸಿದರೆ ಸಾಕು, ಯಾರಿಗೂ ಹೇಳುವುದು ಬೇಡ ಎಂದಳು. ಮೇಡಂ ಮೊದಲು ಮೃದುವಾಗಿ ನಕ್ಕಳು, ಎಲ್ಲವನ್ನೂ ಹೇಳಿ ಎಂದಳು. ಹೇಳುತ್ತ ಹೋದಂತೆ ಅವಳ ಪೆನ್ನು ನಿಧಾನವಾಯಿತು. ಗಂಡನ ಸಂಜೆಗಳ ಸುದ್ದಿ ಬಂದಾಗ ಪೆನ್ನು ನಿಂತೇಹೋಯಿತು. ಬೇರೆಯವರಿಗೂ ಕೊಡುತ್ತಿದ್ದಿರಾ ಎಂದು ಕೇಳಿದಳು. ಕೊಡುತ್ತಿದ್ದೆ, ಆದರೆ ಅವತ್ತು ಕೊಟ್ಟದ್ದು ಇದೊಂದೇ ಎಂದಳು ಇವಳು.

ಮೇಡಂ ಪೆನ್ನು ಕೆಳಗಿಟ್ಟು ಎಲ್ಲವನ್ನೂ ಬಿಡಿಸಿ ಹೇಳಿದಳು. ಗುಂಡಿಯಲ್ಲಿದ್ದವರು ಮೈದಾನಕ್ಕೆ ಕರೆಸಿದ ಜನರಲ್ಲ, ಹೋರಾಟದಲ್ಲಿ ಸತ್ತ ದಂಗೆಕೋರರು, ಲಾಂಡ್ರಿಯನ್ನು ದೋಚಿ ಆ ಬಟ್ಟೆ ತೊಟ್ಟಿದ್ದರು ಎಂಬುದು ಮೇಜರ್ ಕಡೆಯ ವಾದ. ಹೋರಾಟದಲ್ಲಿ ಕೊಂದರೆ ಅದು ಯುದ್ಧ, ಫೋಟೊಗೆಂದು ಕರೆಸಿ ಕೊಂದರೆ ಅಪರಾಧ. ಎರಡರ ನಡುವೆ ಇರುವ ಗೋಡೆ ಈ ದಾರವೊಂದೇ. ಬಟ್ಟೆ ತೊಟ್ಟವರೇ ಅದರ ಒಡೆಯರು ಎಂದು ಎಣಿಸಿದ್ದರಿಂದಲೇ ಆ ಗೋಡೆ ನಿಂತಿತ್ತು.

"ಹಾಗಾದ್ರೆ ನಾನು ಹೇಳೇ ಇಲ್ಲ ಅಂದ್ಕೊಳ್ಳಿ," ಎಂದಳು ಲಾಂಡ್ರಿಯಕ್ಕ. ಎದ್ದು ಆ ಹಾಳೆಯ ಕಡೆಗೆ ಕೈಚಾಚಿದಳು. "ಹರಿದು ಹಾಕಿ. ನನಗೆ ಪೆಟ್ಟಿಗೆ ಬೇಡ."

ಮೇಡಂ ಹಾಳೆಯ ಮೇಲೆ ಅಂಗೈ ಇಟ್ಟಳು. ಆರೋಪಿಗೆ ಅನುಕೂಲವಾಗುವಂಥದ್ದು ನಮಗೆ ತಿಳಿದರೆ ಅದನ್ನು ಅವರ ವಕೀಲರಿಗೆ ನಾವೇ ಕೊಡಬೇಕು, ಇದು ನಮ್ಮ ಕಾನೂನು ಎಂದು ದುಭಾಷಿಯ ಬಾಯಿಂದ ಹೇಳಿಸಿದಳು. ಅವನು ನಮಗೆ ಯಾವ ಕಾಗದ ಕೊಟ್ಟ, ಕೊಲ್ಲುವ ಮೊದಲು ಯಾರಿಗೆ ಏನು ತೋರಿಸಿದ ಎಂದು ಲಾಂಡ್ರಿಯಕ್ಕ ಕೇಳಿದಳು. ಮೇಡಂ ಕಣ್ಣು ಕೆಂಪಾಗಿತ್ತು, ಅಂಗೈ ಮಾತ್ರ ಹಾಳೆಯ ಮೇಲಿಂದ ಏಳಲಿಲ್ಲ.

ನ್ಯಾಯಾಲಯದ ನಗರಕ್ಕೆ ಅವಳು ವಿಮಾನದಲ್ಲಿ ಹೋದಳು. ಹೋಟೆಲಿನ ಹಾಸಿಗೆಯ ಹೊದಿಕೆಯನ್ನು ಯಂತ್ರ ಇಸ್ತ್ರಿ ಮಾಡಿತ್ತು. ಮೂಲೆಯಲ್ಲಿ ಸುಕ್ಕು ಉಳಿದಿರುವುದನ್ನು ಕಂಡು ಕೈಯಿಂದ ತೀಡಿದಳು. ಮರುದಿನ ಗಾಜಿನ ಗೋಡೆಗಳ ಆ ತಣ್ಣನೆಯ ಕೋಣೆಯಲ್ಲಿ ಅವಳ ಕಿವಿಗೆ ಇಯರ್‌ಫೋನು ಸಿಕ್ಕಿಸಿದರು. ಎದುರಿಗೆ ಮೂವರು ನ್ಯಾಯಾಧೀಶರು, ಪಕ್ಕದಲ್ಲಿ ಗಾಜಿನಾಚೆ ಮೇಜರ್. ದಪ್ಪವಾಗಿದ್ದ, ಕನ್ನಡಕ ಬಂದಿತ್ತು. ಊರಿನಲ್ಲಿ ನಗರಸಭೆಯ ಹಾಲಿನಲ್ಲಿ ಟೀವಿ ಇಟ್ಟಿದ್ದರು, ಇಡೀ ಬೀದಿ ಅಲ್ಲಿ ಕೂತು ನೋಡುತ್ತಿತ್ತು.

ಮೇಜರ್ ಪರ ವಕೀಲ ಕೂಗಾಡುವವನಲ್ಲ. ಅಮ್ಮಾ ಎಂದೇ ಮಾತು ಶುರುಮಾಡಿದ. ಪ್ರಯಾಣ ಸುಖವಾಯಿತೇ, ನೀರು ಬೇಕೇ ಎಂದು ವಿಚಾರಿಸಿದ. ನನ್ನ ಕಕ್ಷಿದಾರರಿಗೆ ನಿಮ್ಮ ನೆನಪು ಚೆನ್ನಾಗಿದೆ, ಆ ನಾಲ್ಕು ತಿಂಗಳು ನಿಮ್ಮಲ್ಲಿ ಮಾಡಿದಂಥ ಇಸ್ತ್ರಿಯನ್ನು ಆಮೇಲೆ ಎಲ್ಲಿಯೂ ಕಂಡಿಲ್ಲವಂತೆ ಎಂದ.

ಕೆಲಸವನ್ನು ಹೊಗಳಿದರೆ ತಲೆ ಬಾಗುವುದು ಅವಳಿಗೆ ಇಪ್ಪತ್ತು ವರ್ಷದ ರೂಢಿ. ಗಾಜಿನಾಚೆಯ ಮನುಷ್ಯನ ಕಡೆಗೆ ಅವಳ ತಲೆ ತಾನಾಗಿ ಬಾಗಿತು. ಬಾಗಿದ ಮೇಲೆ ಏನಾಯಿತೆಂದು ಅರಿವಾಯಿತು. ನಗರಸಭೆಯ ಹಾಲಿನಲ್ಲಿ ಕೂತವರೆಲ್ಲ ಅದನ್ನು ನೋಡಿದರು.

"ನಿಮ್ಮ ಗಂಡ ಎಷ್ಟು ಜನರ ಅಂಗಿ ಹಾಕಿಕೊಂಡಿರಬಹುದು? ಹತ್ತು?"

"ಜಾಸ್ತಿ."

"ಐವತ್ತು?"

ಅವಳು ನೀರಿನ ಲೋಟವನ್ನು ಸರಿಸಿಟ್ಟಳು.

"ಬೇರೆಯವರಿಗೂ ಕೊಟ್ಟಿದ್ದೀರಿ."

"ಕಷ್ಟ ಅಂತ ಬಂದವರಿಗೆ ಕೊಟ್ಟಿದೀನಿ. ಒಂದನ್ನೂ ಹಾಳು ಮಾಡಿಲ್ಲ ಸ್ವಾಮಿ. ಮತ್ತೆ ಒಗೆದೇ ಒಡೆಯರಿಗೆ ಕೊಟ್ಟಿದೀನಿ."

ಕೋಣೆಯಲ್ಲಿ ಯಾರೋ ನಕ್ಕರು. ವಕೀಲ ನಗಲಿಲ್ಲ.

"ಖಂಡಿತ. ಈಗ ಒಂದು ಅಂಗಿ ನೋಡಿ ಇದು ಇಂಥವರ ಮನೆಯದು ಅಂತ ನೀವು ಹೇಳಬಹುದು. ಅದರೊಳಗೆ ಯಾರಿದ್ದರು ಅಂತ ಹೇಳೋದಕ್ಕೆ ಆಗಲ್ಲ. ಸರಿಯಾ?"

"ಅವತ್ತು ಕೊಟ್ಟಿದ್ದು ಒಂದೇ ಅಂಗಿ. ಬೇರೆ ಹದಿಮೂರೂ ಅವರವರದ್ದೇ. ನನ್ನ ಕೈಯಾರೆ ಗಂಟು ಕೊಟ್ಟಿದೀನಿ."

"ಗೋದಾಮಿನಲ್ಲಿ ಏಳನೆಯದನ್ನು ನೋಡಿ ಮೇಷ್ಟ್ರ ಮನೆ ಅಂದಿರಿ. ಅದು ನಿಮ್ಮ ಗಂಡ ಅಂತ ಗೊತ್ತಿದ್ದೂ ಅಂದಿರಿ. ಆವತ್ತು ಸುಮ್ಮನಿದ್ದವರು ಇವತ್ತು ಹದಿಮೂರರ ವಿಷಯದಲ್ಲಿ ನಿಜ ಹೇಳ್ತಿದ್ದೀರಿ ಅಂತ ನಾವು ಹೇಗೆ ನಂಬೋಣ?"

ಮೇಡಂ ಕೂತಿದ್ದ ಕಡೆ ಅವಳು ನೋಡಿದಳು. ಮೇಡಂ ತನ್ನ ಮುಂದಿನ ಕಾಗದವನ್ನು ನೋಡುತ್ತಿದ್ದಳು.

"ಯಾರಿದ್ದರು ಅಂತ ಅಂಗಿ ಹೇಳಲ್ಲ. ಅಷ್ಟು ಒಪ್ಪಿಕೊಳ್ಳಿ ಸಾಕು, ಮನೆಗೆ ಹೋಗಬಹುದು."

"ಹೇಳಲ್ಲ," ಎಂದಳು.

ತೀರ್ಪು ಬರಲು ಎಂಟು ತಿಂಗಳಾಯಿತು. ಗುಂಡಿಯಲ್ಲಿದ್ದವರು ಯಾರೆಂಬುದು ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತಾಗಿಲ್ಲ ಎಂದು ನ್ಯಾಯಾಧೀಶರು ಓದಿದರು. ಮೈದಾನದ ಆರೋಪ ಬಿದ್ದುಹೋಯಿತು. ಸೈನ್ಯಕ್ಕೆಂದು ಜನರ ಮನೆಗಳನ್ನು ಬಲವಂತವಾಗಿ ವಶಮಾಡಿಕೊಂಡದ್ದಕ್ಕೆ ನಾಲ್ಕು ವರ್ಷವೆಂದರು. ಅಷ್ಟು ವರ್ಷವನ್ನು ಮೇಜರ್ ಆಗಲೇ ಸೆರೆಯಲ್ಲಿ ಕಳೆದಿದ್ದ. ಅದೇ ವಾರ ಮನೆಗೆ ಹೋದ. ಮೊಮ್ಮಗಳನ್ನು ಎತ್ತಿಕೊಂಡ ಅವನ ಫೋಟೊ ಪತ್ರಿಕೆಯಲ್ಲಿ ಬಂತು. ಅದನ್ನು ಯಾರೋ ಕತ್ತರಿಸಿ ಲಾಂಡ್ರಿಯ ಬಾಗಿಲಿಗೆ ಅಂಟಿಸಿ ಹೋದರು.

ಬೀದಿಯವರು ಅವಳನ್ನು ಬೈಯಲಿಲ್ಲ. ಬೈದಿದ್ದರೆ ಒಂದು ಮಾತಿಗೆ ಇನ್ನೊಂದು ಮಾತು ಬರುತ್ತಿತ್ತು. ಒಬ್ಬೊಬ್ಬರೇ ಬಂದು ತಮ್ಮ ಬಟ್ಟೆ ತೆಗೆದುಕೊಂಡು ಹೋದರು. ಬೇಕರಿಯವನ ಹೆಂಡತಿ ಕತ್ತರಿಯನ್ನೂ ತಂದಿದ್ದಳು. ಕೌಂಟರಿನ ಮೇಲೆಯೇ ಒಂದೊಂದು ಕಾಲರು ತಿರುವಿ ದಾರವನ್ನು ಚಕ್ಕನೆ ಕತ್ತರಿಸಿ ಎಳೆದು ಹಾಕಿದಳು. "ನನ್ನ ಗಂಡ ತನ್ನ ಅಂಗೀಲೇ ಹೋಗಿದ್ದ," ಎಂದಳು ಕೊನೆಗೆ. "ಗೊತ್ತು," ಎಂದಳು ಲಾಂಡ್ರಿಯಕ್ಕ. "ನಿನಗೆ ಗೊತ್ತಿದ್ದು ಏನಾಯ್ತು?" ಎಂದು ಅವಳು ಗಂಟು ಎತ್ತಿಕೊಂಡು ಹೋದಳು.

ಇನ್ನೂ ಒಂದು ಬಾಕಿಯಿತ್ತು. ಗುರುತೇ ರದ್ದಾದ ಮೇಲೆ ಆ ಗುರುತಿನ ಮೇಲೆ ಕೊಟ್ಟ ಪೆಟ್ಟಿಗೆಗಳೂ ರದ್ದು. ಹತ್ತೊಂಬತ್ತನ್ನೂ ಒಂದೇ ಕಡೆ, ಹೆಸರಿಲ್ಲದೆ ಅಂಕಿಯ ಮೇಲೆ ಇಡತಕ್ಕದ್ದು ಎಂದು ಸರ್ಕಾರದ ಆದೇಶ ಬಂತು. ಹದಿನಾಲ್ಕು ಗೋರಿಗಳನ್ನು ಎರಡು ದಿನದಲ್ಲಿ ಅಗೆದರು. ಮೇಷ್ಟ್ರ ಹೆಂಡತಿ ಕಲ್ಲನ್ನು ಅಪ್ಪಿಕೊಂಡು ಕೂತುಬಿಟ್ಟಳಂತೆ. ಇಬ್ಬರು ಪೊಲೀಸಮ್ಮನವರು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತಂತೆ. ಕಲ್ಲನ್ನು ಮಾತ್ರ ನೀವೇ ಇಟ್ಟುಕೊಳ್ಳಬಹುದು ಎಂದರಂತೆ.

ವ್ಯಾನು ಲಾಂಡ್ರಿಯ ಮುಂದೆಯೇ ಹಾದುಹೋಗಬೇಕಿತ್ತು. ಅವಳು ಬೀದಿಗೆ ಇಳಿದು ನಿಂತಳು. ಏಳು ಯಾವ ಕಡೆ ಇದೆ ಎಂದು ಹಿಂದೆ ಕೂತ ಗುಮಾಸ್ತನನ್ನು ಕೇಳಿದಳು. ಅವನು ಕೇಳಿಸಿದರೂ ಕೇಳಿಸದವನ ಹಾಗೆ ಬಾಗಿಲು ಎಳೆದುಕೊಂಡ. ಅವಳು ಒಳಗೆ ಬಂದಾಗ ಅತ್ತೆ ಗೋಡೆಗೆ ಒರಗಿ ಕೂತಿದ್ದಳು.

"ಇಡೀ ಬೀದಿಯ ಬಾಯಿಗೆ ಮಣ್ಣು ಹಾಕಿ ನನ್ನ ಮಗನ್ನ ತರ್ತೀನಿ ಅಂತ ಹೋದೆ," ಎಂದಳು. "ಎಲ್ಲಿ?"

ಊಟ ಬಿಟ್ಟದ್ದು ನೀನೇ, ಬಾಯಿ ಬಿಡಿಸಿದ್ದೂ ನೀನೇ ಎಂದು ಹೇಳಬಹುದಿತ್ತು. ಅವಳು ಒಲೆ ಹಚ್ಚಲು ಹೋದಳು. ಅತ್ತೆ ಆಮೇಲೆ ಒಂದೂವರೆ ತಿಂಗಳು ಬದುಕಿದ್ದಳು, ಸೊಸೆಯ ಜೊತೆ ಮಾತಾಡಲಿಲ್ಲ. ಸತ್ತ ದಿನ ಹೊರಲು ನಾಲ್ಕು ಹೆಗಲು ಸಿಗಲಿಲ್ಲ. ನಗರಸಭೆಯ ಗಾಡಿ ಬಂತು.

ಹಂಡೆಯಲ್ಲಿ ಕುದಿಸಲು ಬಟ್ಟೆಯೇ ಇಲ್ಲದ ಮೇಲೆ ಲಾಂಡ್ರಿಯನ್ನು ಮುಚ್ಚಿದಳು. ಕಸ ಗುಡಿಸುವ ಕೆಲಸ ಕೇಳಿಕೊಂಡು ನಗರಸಭೆಗೆ ಹೋದಳು. ಹಳೆಯ ಕಟ್ಟಡದ ನೆಲಮಾಳಿಗೆ ಯಾರಿಗೂ ಬೇಡವಾಗಿತ್ತು, ಅವಳು ಅದನ್ನೇ ಕೇಳಿ ತೆಗೆದುಕೊಂಡಳು. ಅಲ್ಲಿ ಉದ್ದನೆಯ ಓಣಿಯ ಕೊನೆಗೆ ಕಬ್ಬಿಣದ ಬಾಗಿಲಿನ ಕೋಣೆ. ಎರಡು ಬೀಗ, ಒಂದರ ಕೀಲಿಕೈ ನಗರಸಭೆಯಲ್ಲಿ, ಇನ್ನೊಂದರದು ಪೊಲೀಸರಲ್ಲಿ. ಓಣಿ ಗುಡಿಸುವುದು ಅವಳ ಕೆಲಸ. ಕೋಣೆ ಅಲ್ಲ.

ಎರಡನೆಯ ವರ್ಷ ಗೋಡೆಗೆ ತೇವ ಬಂದಿದೆಯೆಂದು ನೋಡಲು ಆ ಬಾಗಿಲನ್ನು ತೆರೆದರು. ಗುಮಾಸ್ತನೂ ಪೊಲೀಸಿನವನೂ ಇದ್ದರು. ಪೊರಕೆಯನ್ನು ಗೋಡೆಗೆ ಒರಗಿಸಿ ಅವಳು ಹೊಸ್ತಿಲ ಈಚೆ ನಿಂತಳು. ಒಳಗೆ ಕಬ್ಬಿಣದ ಕಪಾಟು, ಒಂದರ ಮೇಲೊಂದು ಬೂದು ಪೆಟ್ಟಿಗೆಗಳು. ಅಂಕಿಗಳು ಗೋಡೆಯ ಕಡೆಗೆ ತಿರುಗಿದ್ದವು.

"ಏಳು ಯಾವುದು ಸರ್?" ಎಂದು ಕೇಳಿದಳು. "ಮುಟ್ಟಲ್ಲ. ಇಲ್ಲಿಂದಲೇ ನೋಡ್ತೀನಿ."

ಗುಮಾಸ್ತ ಕೆಟ್ಟವನಲ್ಲ. ಪಟ್ಟಿ ತೆಗೆದು ನೋಡಿದ. "ಯಾರಾಗಬೇಕು ನಿಮಗೆ?"

"ಗಂಡ."

"ಇಲ್ಲಿ ಯಾರ ಗಂಡನೂ ಇಲ್ಲ ಅಕ್ಕ, ಬರೀ ನಂಬರು. ಏಳು ಯಾರದು ಅಂತ ಅಷ್ಟು ದೊಡ್ಡ ಕೋರ್ಟಿಗೇ ಗೊತ್ತಾಗಲಿಲ್ಲ, ನಾನು ಹೇಗೆ ತೋರಿಸಲಿ? ನಾಳೆ ಇನ್ನೊಬ್ಬರು ಬಂದು ನಂದೂ ಏಳೇ ಅಂತಾರೆ."

ಅವರು ಗೋಡೆಯನ್ನು ತಟ್ಟಿ ನೋಡಿದರು, ತೇವವಿರುವುದು ನಿಜ, ಮಳೆಗಾಲ ಕಳೆಯಲಿ ಎಂದು ಮಾತಾಡಿಕೊಂಡರು. ಅಷ್ಟರಲ್ಲಿ ಅವಳು ಪೆಟ್ಟಿಗೆಗಳನ್ನು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಒಂದೂ ಬಿಡದೆ ನೋಡಿದಳು. ಹತ್ತೊಂಬತ್ತೂ ಒಂದೇ ಅಳತೆ, ಒಂದೇ ಬಣ್ಣ. ಯಾವುದರ ಮೇಲೂ ಅವಳ ಕಣ್ಣು ನಿಲ್ಲಲಿಲ್ಲ. ಆಮೇಲೆ ಒಬ್ಬನ ಬೀಗ ಬಿತ್ತು, ಇನ್ನೊಬ್ಬನದೂ ಬಿತ್ತು. ಅವರು ಮೆಟ್ಟಿಲು ಹತ್ತಿ ಹೋದಮೇಲೆ ಅವರ ಬೂಟಿನ ಕೆಸರು ಹೊಸ್ತಿಲಿನ ತನಕ ಬಿದ್ದಿತ್ತು. ಅದು ಒಣಗಲೆಂದು ಅವಳು ಅಲ್ಲೇ ಗೋಡೆಗೆ ಒರಗಿ ಕಾದಳು.